ಪಂಚಾಯಿತಿ ವಾಹನದ ಗೇರ್ ಆಯಿಲ್: ಆಯ್ಕೆ, ಬದಲಾವಣೆ ಮತ್ತು ವಿಲೇವಾರಿ

ಮನೆ ಮನೆಯಿಂದ ಹಸಿ ಕಸ ಮತ್ತು ಒಣ ಕಸವನ್ನು ಸಂಗ್ರಹಿಸಿ ಘನತ್ಯಾಜ್ಯ ವಿಲೇವಾರಿ ಘಟಕಕ್ಕೆ ಸಾಗಿಸುವ ವಾಹನವು ಇಂದು ಗ್ರಾಮ ಪಂಚಾಯಿತಿಯ ಅತಿ ಹೆಚ್ಚು ದುಡಿಯುವ ಆಸ್ತಿಗಳಲ್ಲಿ ಒಂದಾಗಿದೆ. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯ ಈ ‘ಸ್ವಚ್ಛ ವಾಹಿನಿ’ಗಳನ್ನು ಹಲವು ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಚಾಲನೆ ಮಾಡುತ್ತಿದ್ದಾರೆ. ವಾಹನ ಒಂದು ವಾರ ನಿಂತರೆ ಕಸ ಚರಂಡಿಗೆ ಬೀಳುತ್ತದೆ, ಒಕ್ಕೂಟದ ಮಹಿಳೆಯರ ದುಡಿಮೆಗೂ ಅಡಚಣೆಯಾಗುತ್ತದೆ.

ವಾಹನದ ದುರಸ್ತಿ ಬಿಲ್ಲು ಮಂಜೂರಾತಿಗೆ ಬಂದಾಗ ಅದರಲ್ಲಿ ‘ಗೇರ್ ಆಯಿಲ್’ ಎಂಬ ಒಂದೇ ಸಾಲು ಇರುವುದು ವಾಡಿಕೆ. ಯಾವ ಆಯಿಲ್, ಯಾವ ಭಾಗಕ್ಕೆ, ಎಷ್ಟು ಲೀಟರ್, ಹಳೆಯದು ಎಲ್ಲಿಗೆ ಹೋಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿರುವುದಿಲ್ಲ. ಗೇರ್ ಬಾಕ್ಸ್ ಕೆಟ್ಟು ದೊಡ್ಡ ಖರ್ಚು ಬರುವುದು, ಬ್ರೇಕ್ ದುರ್ಬಲವಾಗುವುದು, ಕೆರೆಯ ನೀರು ಕೆಡುವುದು ಈ ಉತ್ತರಗಳ ಅಭಾವದಿಂದಲೇ. ಸದಸ್ಯರು ಮೆಕ್ಯಾನಿಕ್ ಆಗಬೇಕಾಗಿಲ್ಲ. ಈ ನಾಲ್ಕು ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆ ಸಾಕು.

ಎಣ್ಣೆ ಇರುವ ಸ್ಥಳಗಳು

ನಾಲ್ಕು ಚಕ್ರದ ಸಣ್ಣ ಪಿಕಪ್ ವಾಹನಗಳಲ್ಲಿ ಸಾಮಾನ್ಯವಾಗಿ ಇಂಜಿನ್ನಿನ ಬಲವು ಕ್ಲಚ್ ಮೂಲಕ ಗೇರ್ ಬಾಕ್ಸಿಗೂ, ಅಲ್ಲಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಆಕ್ಸಲ್‌ಗೂ ತಲುಪುತ್ತದೆ. ಆಕ್ಸಲ್ಲಿನ ನಡುವೆ ಇರುವ ಗುಂಡನೆಯ ಹೌಸಿಂಗ್‌ನಲ್ಲಿ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಅವಕಾಶ ನೀಡುವುದು ಅದರ ಕೆಲಸ. ಹೀಗಾಗಿ ಇಂಜಿನ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಈ ಮೂರಕ್ಕೂ ಪ್ರತ್ಯೇಕ ಎಣ್ಣೆ ಇರುತ್ತದೆ. ಮೂರು ಚಕ್ರದ ಆಟೋ ಟಿಪ್ಪರ್‌ಗಳಲ್ಲಿ ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿದ್ದು, ಎರಡಕ್ಕೂ ಒಂದೇ ಎಣ್ಣೆ ಸಾಕಾಗುತ್ತದೆ.

ಇಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಗೇರ್ ಬಾಕ್ಸ್ ಮತ್ತು ಹೌಸಿಂಗ್‌ನ ಎಣ್ಣೆಯ ಮಟ್ಟವನ್ನು ತೋರಿಸುವ ಕಡ್ಡಿಯಾಗಲಿ, ಎಚ್ಚರಿಕೆ ದೀಪವಾಗಲಿ ಇಂತಹ ವಾಹನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಸದ್ದು ಕೇಳಿಬರುವವರೆಗೆ ಅದು ಗಮನಕ್ಕೆ ಬಾರದು. ಸದ್ದು ಕೇಳಿಬರುವ ಹೊತ್ತಿಗೆ ಹಲ್ಲುಗಳು ಸವೆದಿರುತ್ತವೆ.

ಜಿಎಲ್-4 ಮತ್ತು ಜಿಎಲ್-5

ಗೇರ್ ಆಯಿಲ್ ಡಬ್ಬದ ಮೇಲೆ ಎರಡು ಗುರುತುಗಳನ್ನು ನೋಡತಕ್ಕದ್ದು. ಮೊದಲನೆಯದು ‘ಎಪಿಐ ಜಿಎಲ್-4’ ಅಥವಾ ‘ಎಪಿಐ ಜಿಎಲ್-5’ ಎಂಬ ವರ್ಗ.

ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡದಲ್ಲಿ ಸಾಧಾರಣ ಎಣ್ಣೆಯ ಪದರ ಹರಿದುಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಇದನ್ನು ತಡೆಯಲು ಜಿಎಲ್-5 ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಜಿಎಲ್-4 ಎಣ್ಣೆಯಲ್ಲಿರುವುದರ ಸುಮಾರು ಎರಡರಷ್ಟು ಸೇರಿಸಲಾಗಿರುತ್ತದೆ. ಆಕ್ಸಲ್ಲಿಗೆ ಜಿಎಲ್-5 ಬೇಕೆನ್ನುವುದು ಈ ಕಾರಣದಿಂದ.

ಗೇರ್ ಬಾಕ್ಸಿನ ಅಗತ್ಯ ಬೇರೆ. ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಸಿಂಕ್ರೊನೈಸರ್ ಬಳೆಗಳನ್ನು ಅನೇಕ ವಾಹನಗಳಲ್ಲಿ ಹಿತ್ತಾಳೆಯಂತಹ ತಾಮ್ರದ ಮಿಶ್ರಲೋಹದಿಂದ ಮಾಡಿರುತ್ತಾರೆ. ಗಂಧಕವು ತಾಮ್ರದ ಮಿಶ್ರಲೋಹವನ್ನು ಕಪ್ಪಾಗಿಸಿ ಕ್ರಮೇಣ ಸವೆಸುತ್ತದೆ. ಅಲ್ಲದೆ, ಈ ಬಳೆಗಳು ಕೆಲಸ ಮಾಡಬೇಕಾದರೆ ತುಸು ಹಿಡಿತ ಬೇಕು. ಅತಿಯಾಗಿ ಜಾರುವ ಎಣ್ಣೆಯಲ್ಲಿ ಹಿಡಿತ ತಪ್ಪಿ ಗೇರ್ ಕರಕರ ಎನ್ನುತ್ತದೆ. ಆದುದರಿಂದ ಅನೇಕ ಗೇರ್ ಬಾಕ್ಸುಗಳಿಗೆ ತಯಾರಕರು ಜಿಎಲ್-4 ಎಣ್ಣೆಯನ್ನೇ ಸೂಚಿಸುತ್ತಾರೆ.

‘5 ಎಂಬುದು 4ಕ್ಕಿಂತ ದೊಡ್ಡದು, ಆದ್ದರಿಂದ ಉತ್ತಮ’ ಎಂಬ ತಿಳಿವಳಿಕೆಯಿಂದ ಒಂದೇ ಡಬ್ಬದ ಎಣ್ಣೆಯನ್ನು ಎರಡೂ ಕಡೆ ತುಂಬುವುದು ಸಾಮಾನ್ಯ ತಪ್ಪು. ಇವು ಮೇಲು ಕೀಳಿನ ದರ್ಜೆಗಳಲ್ಲ, ಬೇರೆ ಬೇರೆ ಕೆಲಸದ ಎಣ್ಣೆಗಳು. ಕೆಲವು ತಯಾರಕರು ಗೇರ್ ಬಾಕ್ಸಿಗೂ ಬೇರೆ ವರ್ಗವನ್ನು ಸೂಚಿಸುವುದುಂಟು. ವಾಹನದೊಂದಿಗೆ ಬಂದ ಮಾಲೀಕರ ಕೈಪಿಡಿಯ ಮಾತೇ ಅಂತಿಮ. ಕೈಪಿಡಿ ಕಳೆದಿದ್ದಲ್ಲಿ ಅಧಿಕೃತ ಸೇವಾ ಕೇಂದ್ರದಿಂದ ಮಾಹಿತಿಯನ್ನು ಲಿಖಿತವಾಗಿ ಪಡೆದು ಕಡತದಲ್ಲಿಡುವುದು ಸೂಕ್ತ.

80ಡಬ್ಲ್ಯೂ-90 ಎಂದರೇನು

ಎರಡನೆಯ ಗುರುತು ಎಣ್ಣೆಯ ಮಂದತೆಯನ್ನು ಹೇಳುತ್ತದೆ. ‘80ಡಬ್ಲ್ಯೂ-90’ ಎಂಬುದರಲ್ಲಿ ಮೊದಲ ಭಾಗ ಚಳಿಯಲ್ಲಿನ ಹರಿವಿಗೂ, ಎರಡನೆಯ ಭಾಗ ಬಿಸಿಯಾದಾಗಿನ ಮಂದತೆಗೂ ಸಂಬಂಧಿಸಿದೆ. 80ಡಬ್ಲ್ಯೂ ಎಣ್ಣೆಯನ್ನು ಶೂನ್ಯಕ್ಕಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣಾಂಶದಲ್ಲಿ ಪರೀಕ್ಷಿಸಲಾಗುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಆದುದರಿಂದ ಚಳಿಗೆ ತಕ್ಕ ದುಬಾರಿ ಎಣ್ಣೆ ಬೇಕೆಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ; ಕೈಪಿಡಿಯಲ್ಲಿ ಸೂಚಿಸಿದ್ದರೆ ಮಾತ್ರ ಅದನ್ನು ಕೊಳ್ಳಬೇಕು.

ಗೇರ್ ಆಯಿಲ್ ಮತ್ತು ಇಂಜಿನ್ ಆಯಿಲ್‌ಗಳ ಅಂಕೆಗಳು ಬೇರೆ ಬೇರೆ ಅಳತೆಗೋಲಿನವು. 90 ಸಂಖ್ಯೆಯ ಗೇರ್ ಆಯಿಲ್ ಮಂದತೆಯಲ್ಲಿ 40 ಅಥವಾ 50 ಸಂಖ್ಯೆಯ ಇಂಜಿನ್ ಆಯಿಲ್‌ಗೆ ಸಮೀಪವಾಗಿರುತ್ತದೆ. ಅಂಕೆಗಳನ್ನು ಹೋಲಿಸಿ ಒಂದರ ಬದಲು ಇನ್ನೊಂದನ್ನು ಬಳಸಲಾಗದು. ವರ್ಗ ಮತ್ತು ಮಂದತೆ ಎರಡೂ ಸೂಚನೆಗೆ ಹೊಂದಿ, ಡಬ್ಬ ಮೊಹರಾಗಿದ್ದಲ್ಲಿ ಹೆಸರಾಂತ ಯಾವ ಕಂಪನಿಯ ಎಣ್ಣೆಯಾದರೂ ನಡೆಯುತ್ತದೆ. ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳತಕ್ಕದ್ದಲ್ಲ.

ಬದಲಾವಣೆಯ ಅವಧಿ

ಕಸ ಸಂಗ್ರಹಣೆಯ ವಾಹನ ದಿನಕ್ಕೆ ಕ್ರಮಿಸುವ ದೂರ ಕಡಿಮೆ. ಆದರೆ ಅದು ಬೀದಿಯುದ್ದಕ್ಕೂ ನಿಂತು ನಿಂತು ಮೊದಲ ಮತ್ತು ಎರಡನೆಯ ಗೇರಿನಲ್ಲೇ ಗಂಟೆಗಟ್ಟಲೆ ಸಾಗುತ್ತದೆ; ಧೂಳು, ಕೆಸರು, ಹೊರೆ ಇವೆಲ್ಲವನ್ನೂ ಸಹಿಸುತ್ತದೆ. ಇಂತಹ ದುಡಿಮೆಯನ್ನು ತಯಾರಕರು ‘ತೀವ್ರ ಬಳಕೆ’ ಎಂದು ಪರಿಗಣಿಸಿ, ಅದಕ್ಕೆ ಕಡಿಮೆ ಅವಧಿಯನ್ನು ಸೂಚಿಸಿರುತ್ತಾರೆ. ಮೀಟರಿನಲ್ಲಿ ಕಿಲೋಮೀಟರ್ ತುಂಬಿಲ್ಲವೆಂದು ಕಾಯುತ್ತ ಕೂರದೆ, ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದನ್ನು ಪಾಲಿಸಬೇಕು. ನೀರು ತುಂಬಿದ ಹಳ್ಳ ಅಥವಾ ಅಂಡರ್‌ಪಾಸ್ ದಾಟಿದಾಗ ಆಕ್ಸಲ್ ಮುಳುಗಿದ್ದರೆ ಎಣ್ಣೆಯನ್ನು ಕೂಡಲೇ ಪರಿಶೀಲಿಸಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅವಧಿ ಎಷ್ಟೇ ಉಳಿದಿದ್ದರೂ ಬದಲಿಸಲೇಬೇಕು.

ವಿದ್ಯುತ್ ಚಾಲಿತ ವಾಹನವಿರುವ ಪಂಚಾಯಿತಿಗಳಿಗೂ ಇದು ಅನ್ವಯಿಸುತ್ತದೆ. ಅವುಗಳಲ್ಲಿ ಇಂಜಿನ್ ಆಯಿಲ್ ಇಲ್ಲವಾದರೂ, ಮೋಟಾರಿನ ವೇಗವನ್ನು ತಗ್ಗಿಸುವ ಗೇರುಗಳಿಗೆ ಎಣ್ಣೆ ಇರುತ್ತದೆ.

ಬದಲಿಸುವ ಕ್ರಮ

ವಾಹನವನ್ನು ಸ್ವಲ್ಪ ದೂರ ಓಡಿಸಿದ ನಂತರ ಎಣ್ಣೆ ತೆಳುವಾಗಿ ಪೂರ್ತಿ ಇಳಿಯುತ್ತದೆ. ವಾಹನ ಸಮತಟ್ಟಾದ ನೆಲದಲ್ಲಿರಬೇಕು. ಅಡಿಗೆ ಇಳಿಯುವುದಾದರೆ ಜಾಕಿನ ಮೇಲಷ್ಟೇ ಭರವಸೆ ಇಡದೆ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡ್ಡ ಇಡಬೇಕು. ಮೊದಲು ಮೇಲಿನ ತುಂಬುವ ಪ್ಲಗ್ಗನ್ನೇ ಬಿಚ್ಚಬೇಕು. ತಳದ ಡ್ರೇನ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಮೇಲಿನದು ಜಡ್ಡುಗಟ್ಟಿ ಬಿಚ್ಚದಿದ್ದರೆ ವಾಹನ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪವಿದ್ದರೆ ಅದು ಸಹಜ ಸವೆತ. ಲೋಹದ ಚೂರು ಅಥವಾ ಹಲ್ಲಿನ ತುಂಡು ಕಂಡರೆ ಎಣ್ಣೆ ಬದಲಿಸಿ ಸುಮ್ಮನಾಗದೆ ಒಳಗಿನ ಪರಿಶೀಲನೆ ಮಾಡಿಸಬೇಕು. ಹೊಸ ವಾಷರ್ ಹಾಕಿ ಡ್ರೇನ್ ಪ್ಲಗ್ ಬಿಗಿ ಮಾಡಿದ ನಂತರ, ಕೈಪಿಡಿ ಬೇರೆ ಹೇಳದಿದ್ದಲ್ಲಿ, ತುಂಬುವ ರಂಧ್ರದ ಕೆಳ ಅಂಚಿನವರೆಗೆ ಹೊಸ ಎಣ್ಣೆ ತುಂಬಲಾಗುತ್ತದೆ.

ಹೆಚ್ಚು ತುಂಬುವುದೂ ತಪ್ಪು. ಬಿಸಿಯಾದಾಗ ಹೌಸಿಂಗ್‌ನ ಒಳಗಾಳಿ ಹಿಗ್ಗುತ್ತದೆ. ಗಾಳಿ ಹೊರಹೋಗುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಅಥವಾ ಎಣ್ಣೆ ಮಿತಿ ಮೀರಿದ್ದರೆ ಆಯಿಲ್ ಸೀಲ್ ದಾಟಿ ಎಣ್ಣೆ ಹಿಂಚಕ್ರಗಳ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಎಣ್ಣೆ ಹೀರಿದ ಬ್ರೇಕ್ ಲೈನರ್ ಹಿಡಿಯುವುದಿಲ್ಲ. ಶಾಲಾ ಮಕ್ಕಳು ಓಡಾಡುವ ಬೀದಿಯಲ್ಲಿ ಹೊರೆ ಹೊತ್ತು ಸಾಗುವ ವಾಹನಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಹಿಂಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿದ ಗುರುತು ಕಂಡುಬಂದಲ್ಲಿ ದುರಸ್ತಿಯಾಗುವವರೆಗೆ ವಾಹನವನ್ನು ರಸ್ತೆಗೆ ಇಳಿಸತಕ್ಕದ್ದಲ್ಲ. ‘ಬ್ರೇಕ್ ಆಯಿಲ್’ ಎಂದು ಕರೆಯಲಾಗುವ ದ್ರವವು ಇವೆಲ್ಲಕ್ಕಿಂತ ಬೇರೆ; ಅದರ ಟ್ಯಾಂಕಿಗೆ ಗೇರ್ ಆಯಿಲ್ ಅಥವಾ ಇಂಜಿನ್ ಆಯಿಲ್ ಸೇರಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ವಿಫಲವಾಗುತ್ತದೆ.

ಹಳೆಯ ಎಣ್ಣೆ ಮತ್ತು ಜಕ್ಕೂರು ಕೆರೆ

ಬದಲಾವಣೆಯ ಅರ್ಧ ಭಾಗ ಹೊಸ ಎಣ್ಣೆ, ಉಳಿದರ್ಧ ಹಳೆಯ ಎಣ್ಣೆ. ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಮಾತಿಗೆ ಜಕ್ಕೂರು ಕೆರೆಯೇ ನಿದರ್ಶನ. ಸುಮಾರು 160 ಎಕರೆ ವಿಸ್ತಾರದ ಈ ಕೆರೆ ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸರಪಳಿಯ ನಡುವಿನ ಕೊಂಡಿ. ಪಕ್ಕದ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಕೆರೆ ಸೇರುತ್ತದೆ. ಈ ಏರ್ಪಾಡಿನಲ್ಲಿ ನೀರನ್ನು ತಿಳಿಗೊಳಿಸುವುದು ಬಹುಮಟ್ಟಿಗೆ ಸೂಕ್ಷ್ಮಜೀವಿಗಳು ಮತ್ತು ಸಸ್ಯಗಳು. ಇಲ್ಲಿ ಮೀನುಗಾರಿಕೆ ನಡೆಯುತ್ತದೆ, ಹಕ್ಕಿಗಳು ಬಂದಿಳಿಯುತ್ತವೆ.

ಜಕ್ಕೂರು ಇಂದು ನಗರಾಡಳಿತದ ವ್ಯಾಪ್ತಿಯಲ್ಲಿದೆ. ಆದರೆ ನೀರು ಆಡಳಿತದ ಗಡಿಯನ್ನು ತಿಳಿಯದು. ಮೇಲ್ಭಾಗದ ರಾಜಕಾಲುವೆಗೆ ಬಿದ್ದದ್ದು ಕೆಳಗಿನ ಕೆರೆಗೆ ಬಂದೇ ಬರುತ್ತದೆ. ಒಂದು ವಾಹನದ ಒಂದು ಸಲದ ಇಂಜಿನ್ ಆಯಿಲ್ ಬದಲಾವಣೆಯಿಂದ ಬರುವ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಗಾಳಿಯ ಆಮ್ಲಜನಕ ನೀರಿಗೆ ಸೇರದಂತೆ ತಡೆಯುತ್ತದೆ. ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳಿಗೂ ಎಣ್ಣೆ ಮಾರಕ.

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯುವುದು, ಸುಡುವುದು, ಸೆಂಟ್ರಿಂಗ್ ಹಲಗೆಗೆ ಅಥವಾ ಗೆದ್ದಲು ಹತ್ತದಂತೆ ಬೇಲಿ ಕಂಬಕ್ಕೆ ಬಳಿಯುವುದು ಯಾವುದೂ ಸರಿಯಾದ ವಿಲೇವಾರಿಯಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆ ಘಟಕಕ್ಕೆ ಅದು ತಲುಪಬೇಕು. 2023ರ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಎಣ್ಣೆ ಉತ್ಪಾದಕರ ಮೇಲೂ ಮರುಬಳಕೆಯ ಹೊಣೆಯನ್ನು ಹೊರಿಸಿದೆ. ಸರಿಯಾಗಿ ಸಂಸ್ಕರಿಸಿದರೆ ಹಳೆಯ ಎಣ್ಣೆ ಮತ್ತೆ ಮೂಲ ಎಣ್ಣೆಯಾಗುತ್ತದೆ. ನೀರು, ಬ್ರೇಕ್ ದ್ರವ ಅಥವಾ ಸೀಮೆಎಣ್ಣೆ ಬೆರೆತರೆ ಈ ಸಂಸ್ಕರಣೆ ಕಷ್ಟವಾಗುವುದರಿಂದ, ಹಳೆಯ ಎಣ್ಣೆಯನ್ನು ಪ್ರತ್ಯೇಕ ಮುಚ್ಚಳದ ಡಬ್ಬದಲ್ಲಿ ಗುರುತು ಹಚ್ಚಿ ಇಡಬೇಕು.

ಲಾಗ್ ಪುಸ್ತಕ

ಜಕ್ಕೂರಿನ ವಿಮಾನ ನಿಲ್ದಾಣದಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ವಿಮಾನಗಳ ವಿಷಯದಲ್ಲಿ ನಿರ್ವಹಣೆಯ ಕೆಲಸ ಲಾಗ್ ಪುಸ್ತಕದಲ್ಲಿ ದಾಖಲಾಗಿ ಸಹಿ ಬೀಳದ ಹೊರತು ಪೂರ್ಣವಾಯಿತೆಂದು ಪರಿಗಣಿಸುವುದಿಲ್ಲ. ಕಸದ ವಾಹನಕ್ಕೂ ಅಂತಹದೇ ಶಿಸ್ತು ಬೇಕು. ಪ್ರತಿ ಬದಲಾವಣೆಗೆ ದಿನಾಂಕ, ಮೀಟರ್ ಓದು, ಭಾಗ, ಎಣ್ಣೆಯ ವರ್ಗ ಮತ್ತು ಮಂದತೆ, ಪ್ರಮಾಣ, ಪ್ಲಗ್ಗಿನಲ್ಲಿ ಕಂಡದ್ದು, ಹಳೆಯ ಎಣ್ಣೆಯನ್ನು ಪಡೆದವರ ಸಹಿ, ಚಾಲಕಿಯ ಸಹಿ ಇವು ಒಂದು ಸಾಲಿನಲ್ಲಿರಬೇಕು. ಚಾಲಕಿ ಹೇಳುವ ‘ಎರಡನೇ ಗೇರ್ ಬೀಳುತ್ತಿಲ್ಲ’, ‘ಹಿಂದೆ ಗುಂಯ್ ಎನ್ನುತ್ತಿದೆ’ ಎಂಬ ದೂರುಗಳನ್ನೂ ಅದೇ ಪುಸ್ತಕದಲ್ಲಿ ಬರೆಯುವುದು ಒಳಿತು. ದಿನವೂ ವಾಹನದ ಸದ್ದು ಕೇಳುವವರು ಅವರೇ ಆದ್ದರಿಂದ ಮೊದಲ ಎಚ್ಚರಿಕೆ ಅವರಿಂದಲೇ ಬರುತ್ತದೆ.

ಸಭೆಯಲ್ಲಿ ಸದಸ್ಯರು ಗಮನಿಸಬೇಕಾದ ಅಂಶಗಳು

1. ವಾಹನದ ಕೈಪಿಡಿ ಪಂಚಾಯಿತಿ ಕಚೇರಿಯಲ್ಲಿದೆಯೇ, ಅದರ ಎಣ್ಣೆ ಸೂಚನೆಯ ಪುಟದ ಪ್ರತಿ ವಾಹನದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.

2. ಬಿಲ್ಲಿನಲ್ಲಿ ಗೇರ್ ಬಾಕ್ಸ್ ಮತ್ತು ಹೌಸಿಂಗ್ ಎಣ್ಣೆಗಳನ್ನು ವರ್ಗ, ಮಂದತೆ, ಪ್ರಮಾಣ ಸಹಿತ ಪ್ರತ್ಯೇಕವಾಗಿ ನಮೂದಿಸಲು ಸೂಚಿಸುವುದು. ಬಿಲ್ಲಿನ ಪ್ರಮಾಣವನ್ನು ಕೈಪಿಡಿಯ ಪ್ರಮಾಣದೊಂದಿಗೆ ತಾಳೆ ನೋಡುವುದು.

3. ಹಳೆಯ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ನೀಡುವ ಗ್ಯಾರೇಜಿಗೆ ಮಾತ್ರ ಕೆಲಸ ವಹಿಸುವುದು.

4. ಮೂರು ತಿಂಗಳಿಗೊಮ್ಮೆ ಲಾಗ್ ಪುಸ್ತಕವನ್ನು ಸಭೆಯ ಮುಂದಿರಿಸುವುದು.

ಸಣ್ಣ ಪಿಕಪ್ಪಿನ ಗೇರ್ ಬಾಕ್ಸಿಗೂ ಹೌಸಿಂಗ್‌ಗೂ ಬೇಕಾಗುವುದು ತಲಾ ಒಂದೆರಡು ಲೀಟರ್ ಎಣ್ಣೆ. ಅದು ಸರಿಯಾದ ಪೆಟ್ಟಿಗೆಗೆ, ಸರಿಯಾದ ಕಾಲಕ್ಕೆ ಸೇರಿ, ಹಳೆಯದು ರಾಜಕಾಲುವೆಗೆ ಸೇರದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕೈಯಲ್ಲೇ ಇದೆ.