ನಕ್ಷತ್ರಕ್ಕೊಂದು ಮರೆ

ನಾವು ಹಪ್ಪಳ ಸಂಡಿಗೆಗಳನ್ನು ಒಣಗಿಸಿಕೊಳ್ಳುವ ಬಿಸಿಲು ಸೂರ್ಯನ ಐಶ್ವರ್ಯದಲ್ಲಿ ಎಷ್ಟರದು? ಅವನು ಚೆಲ್ಲುವ ತೇಜಸ್ಸಿನಲ್ಲಿ ಸುಮಾರು 220 ಕೋಟಿಗೆ ಒಂದು ಪಾಲು ಮಾತ್ರವೇ ಭೂಮಿಗೆ ದೊರೆಯುವುದು. ಮಿಕ್ಕುದು ಬಹುಮಟ್ಟಿಗೆ ಆಕಾಶದ ಪಾಲು.

ಹೀಗೆ ಪೋಲಾಗುವುದನ್ನು ಹಿಡಿದಿಡಬಲ್ಲ ಜೀವಿಗಳು ಬೇರೆಲ್ಲಿಯಾದರೂ ಇರಬಹುದೆ? ಭೌತವಿಜ್ಞಾನಿ ಫ್ರೀಮನ್ ಡೈಸನ್ನರು 1960ರಲ್ಲಿ ಇದನ್ನು ಕುರಿತು ಬರೆದರು. ಬಹಳ ಮುಂದುವರಿದ ಜನಾಂಗವು ತನ್ನ ನಕ್ಷತ್ರದ ಸುತ್ತಲೂ ಅಸಂಖ್ಯಾತ ಯಂತ್ರಗಳನ್ನು ತಿರುಗಬಿಟ್ಟು ಬೆಳಕನ್ನೆಲ್ಲ ಹೀರಿಕೊಳ್ಳಬಹುದೆಂದು ಅವರ ಊಹೆ. ಇದು ಒಂದೇ ಗಟ್ಟಿ ಚಿಪ್ಪಲ್ಲ. ಗೂಡನ್ನು ಸುತ್ತುವ ಜೇನ್ನೊಣಗಳಂತಹ ಸಮೂಹ.

ಆದರೆ ಬಳಸಿದ ಶಕ್ತಿಯು ಕಡೆಗೆ ಶಾಖವಾಗಿ ಹೊರಬೀಳಲೇಬೇಕು. ಬೆಂಕಿ ಕಾಣದಿದ್ದರೂ ಒಲೆಯ ಗೋಡೆ ಮುಟ್ಟಿದ ಕೈಗೆ ಅದು ತಿಳಿಯದಿರುವುದೆ? ಅಂತೆಯೇ, ಕಣ್ಣಿಗೆ ಮಂಕಾಗಿ, ಶಾಖವನ್ನು ಹೊರುವ ಅವಕೆಂಪು ಕಿರಣಗಳಲ್ಲಿ ಪ್ರಖರವಾಗಿರುವ ತಾಣಗಳನ್ನು ಹುಡುಕಬೇಕೆಂದು ಡೈಸನ್ನರು ಸೂಚಿಸಿದರು.

ರಾಜಹಂಸ ನಕ್ಷತ್ರಪುಂಜದ ತಾರೆಯೊಂದು ಆಗಾಗ ವಿಚಿತ್ರವಾಗಿ ಮಂಕಾಗುವುದೆಂದು 2015ರಲ್ಲಿ ತಿಳಿದಾಗ ಹಲವರಿಗೆ ಆಸೆ ಹುಟ್ಟಿತು. ಗಟ್ಟಿ ಯಂತ್ರಗಳು ಅಡ್ಡಬಂದಿದ್ದರೆ ಎಲ್ಲ ಬಣ್ಣಗಳೂ ಸಮನಾಗಿ ಮರೆಯಾಗಬೇಕಷ್ಟೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಾದರೋ ನೀಲಿ ಬೆಳಕು ಹೆಚ್ಚಾಗಿ ಕುಂದಿತ್ತು. ಅಡ್ಡಬಂದುದು ಸೂಕ್ಷ್ಮವಾದ ಧೂಳು!

ಅಂತಹ ಯಂತ್ರಸಮೂಹವು ಇದುವರೆಗೆ ಎಲ್ಲಿಯೂ ದೃಢಪಟ್ಟಿಲ್ಲ. ಆದರೂ ಎಂತಹ ಬಲಶಾಲಿಯಾದರೂ ತನ್ನ ಒಲೆಯ ಬಿಸಿಯನ್ನು ಬಚ್ಚಿಡಲಾರನೆಂಬ ನಂಬಿಕೆಯಿಂದಲೇ ಹುಡುಕಾಟವು ನಡೆದಿರುವುದು.