ಗುಡ್ಡದ ಗಾಯ, ಮದ್ದಿನ ಲೆಕ್ಕ

ಬಳ್ಳಾರಿಯ ಗಾಂಧಿನಗರದಲ್ಲಿ ಈ ಶತಮಾನದ ಮೊದಲ ದಶಕವನ್ನು ಕಳೆದವರಿಗೆ ಕೆಂಪು ದೂಳಿನ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹರಡಿದ ಸಂಡಿಗೆ ಸಂಜೆಯ ಹೊತ್ತಿಗೆ ಕಾವಿಯ ಛಾಯೆ ತಾಳುತ್ತಿತ್ತು; ತುಳಸಿಯ ದಳವನ್ನು ತೊಳೆದು ತೊಳೆದು ದೇವರಿಗೆ ಏರಿಸಬೇಕಾಗುತ್ತಿತ್ತು; ನಮ್ಮ ಮನೆಯ ಹಿರಿಯರಂತೂ ಬಿಳಿಯ ಪಂಚೆಯನ್ನು ಹೊರಗೆ ಒಣಹಾಕುವುದನ್ನೇ ಬಿಟ್ಟುಬಿಟ್ಟರು. ದೂಳು ಎಲ್ಲಿಂದ ಬಂದಿತೆಂದು ಯಾರೂ ಕೇಳುತ್ತಿರಲಿಲ್ಲ. ಹಗಲೂ ಇರುಳೂ ಸಾಲುಗಟ್ಟಿ ಸಾಗುತ್ತಿದ್ದ ಅದಿರಿನ ಲಾರಿಗಳೇ ಅದಕ್ಕೆ ಉತ್ತರವಾಗಿದ್ದುವು. ಆ ಲಾರಿಗಳಿಂದ ಅನ್ನ ಕಂಡವರೂ ಊರಿನಲ್ಲಿ ಉಂಟು. ಅದನ್ನು ಮರೆತು ಬರೆಯುವುದು ನ್ಯಾಯವಲ್ಲ.

ಸಂಡೂರಿನ ಬೆಟ್ಟಗಳಲ್ಲಿ ಅದಿರು ತೆಗೆಯುವುದು ಹೊಸ ಕಸುಬೇನೂ ಅಲ್ಲ. ದೋಣಿಮಲೆಯಲ್ಲಿ ಸರ್ಕಾರದ ಗಣಿ 1977ರಿಂದ ನಡೆದುಬಂದಿದೆ. ಆದರೆ 2003ರಲ್ಲಿ ರಾಜ್ಯ ಸರ್ಕಾರವು 11,620 ಚದರ ಕಿಲೋಮೀಟರಿನಷ್ಟು ಮೀಸಲು ಪ್ರದೇಶವನ್ನು ಖಾಸಗಿಯವರ ಗಣಿಗಾರಿಕೆಗೆ ತೆರೆದಿತು. ಅದೇ ಸಮಯಕ್ಕೆ ಚೀನಾ ದೇಶದಲ್ಲಿ ಉಕ್ಕಿನ ಹಸಿವು ಹೆಚ್ಚಿ ಅದಿರಿನ ಬೆಲೆ ಗಗನಕ್ಕೇರಿತು. ಇವೆರಡೂ ಕೂಡಿದ ಮೇಲೆ ಗುತ್ತಿಗೆಯ ಎಲ್ಲೆ, ಕಾಡಿನ ಎಲ್ಲೆ, ಕೊನೆಗೆ ಎರಡು ರಾಜ್ಯಗಳ ನಡುವಣ ಎಲ್ಲೆಯೂ ಸಡಿಲವಾದುವು. ತುಮಟಿ, ವಿಠಲಾಪುರಗಳ ಕಡೆಯಲ್ಲಿ ಆಂಧ್ರದ ಗಡಿ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಮೊದಲಾಯಿತು ಎಂಬುದೇ ವ್ಯಾಜ್ಯಕ್ಕೆ ಬಿದ್ದಿತು. ಗಡಿಯ ಗುರುತಾಗಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಸಿಡಿಮದ್ದಿಗೆ ಆಹುತಿಯಾಯಿತು.

ಇಂಥ ಗೊಂದಲವನ್ನು ಬಿಡಿಸುವ ಕೆಲಸ 2007ರಲ್ಲಿ ಲೋಕಾಯುಕ್ತರ ಪಾಲಿಗೆ ಬಂದಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರಿನಲ್ಲಿಯೂ ಎರಡನೆಯದು 2011ರ ಜುಲೈಯಲ್ಲಿಯೂ ಹೊರಬಿದ್ದುವು. ಅವುಗಳಿಂದಾದ ರಾಜಕೀಯದ ಏರುಪೇರುಗಳನ್ನು ಪತ್ರಿಕೆಗಳು ಸಾಕಷ್ಟು ಹಾಡಿವೆ. ನನ್ನ ಮನಸ್ಸನ್ನು ಸೆಳೆದುದು ತನಿಖೆಯ ರೀತಿ. ಅರಣ್ಯಾಧಿಕಾರಿ ಯು. ವಿ. ಸಿಂಗ್ ಮತ್ತವರ ಸಂಗಡಿಗರು ಬಂದರುಗಳಿಂದ ಹಡಗೇರಿದ ಅದಿರಿನ ತೂಕವನ್ನು ಒಂದು ಕಡೆ ಇಟ್ಟರು. ಸರ್ಕಾರ ಕೊಟ್ಟ ರಹದಾರಿಗಳ ಲೆಕ್ಕವನ್ನು ಇನ್ನೊಂದು ಕಡೆ ಇಟ್ಟರು. ಎರಡಕ್ಕೂ ತಾಳೆಯಾಗಲಿಲ್ಲ. 2006ರಿಂದ 2010ರವರೆಗೆ ರಾಜ್ಯದಿಂದ ರಹದಾರಿಯಿಲ್ಲದೆ ಹೊರಗೆ ಹೋದ ಅದಿರು ಸುಮಾರು 3 ಕೋಟಿ ಟನ್ನು! ತಪಾಸಣೆಯ ಭಯವಿಲ್ಲದೆ ಸರಕು ಬಂದರು ಮುಟ್ಟುವುದಕ್ಕೆಂದೇ ಒಂದು ಏರ್ಪಾಡು ನಡೆದಿದ್ದು, ಅದಕ್ಕೆ ‘ಜೀರೋ ರಿಸ್ಕ್’ ಎಂಬ ಹೆಸರೂ ಇತ್ತಂತೆ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಸುಮಾರು 8 ಲಕ್ಷ ಟನ್ನು ಅದಿರಿನಲ್ಲಿ ಬಹುಭಾಗ, ಜಪ್ತಿಯಾದ ಬಳಿಕವೂ ಕಾಣದಾಯಿತು. ಬೆಟ್ಟವೇ ಮಾಯವಾದ ಮೇಲೆ ರಾಶಿಯ ಮಾತೇನು?

ಈ 3 ಕೋಟಿ ಎಂಬ ಅಂಕೆ ಅಮೆರಿಕದ ಇನ್ನೊಂದು ಕಥೆಯನ್ನು ನೆನಪಿಗೆ ತರುತ್ತದೆ. ಅಲ್ಲಿಯ ಮೂಲನಿವಾಸಿಗಳಾದ ನವಾಹೋ ಜನರ ನೆಲದಿಂದ 1944ರಿಂದ 1986ರವರೆಗೆ ಅಣುಬಾಂಬು, ಅಣುವಿದ್ಯುತ್ತುಗಳಿಗಾಗಿ ತೆಗೆದ ಯುರೇನಿಯಂ ಅದಿರೂ ಹೆಚ್ಚುಕಡಮೆ ಅಷ್ಟೇ. ಕೆಲಸ ತೀರಿದೊಡನೆ ಗಣಿಯವರು 500ಕ್ಕೂ ಮೀರಿದ ಗಣಿಗಳನ್ನು ಬಾಯಿ ತೆರೆದಂತೆಯೇ ಬಿಟ್ಟು ನಡೆದರು. ಗಣಿಯ ಕಲ್ಲನ್ನು ತಂದು ಜನ ಮನೆ ಕಟ್ಟಿಕೊಂಡರು. ಗುಂಡಿಯಲ್ಲಿ ನಿಂತ ನೀರನ್ನು ಕುರಿಗಳು ಕುಡಿದುವು. ಗಣಿಯಲ್ಲಿ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರು ಬಂದಿತು. ಯಾವ ಗಣಿ ಯಾರದೆಂದು ಗುರುತಿಸಿ, ವಿಕಿರಣವನ್ನು ಅಳೆದು, ಸ್ವಚ್ಛಗೊಳಿಸುವ ಐದು ವರ್ಷಗಳ ಯೋಜನೆಯೊಂದು ಸಿದ್ಧವಾದುದು 2008ರಲ್ಲಿ. ಕೊನೆಯ ಗಣಿ ನಿಂತು ಇಪ್ಪತ್ತೆರಡು ವರ್ಷಗಳಾದ ಮೇಲೆ! ಒಂದು ಹಳೆಯ ಕಂಪನಿಯ ವಾರಸುದಾರರಿಂದ ಸುಮಾರು 50 ಗಣಿಗಳಿಗಾಗಿ ಹಣ ವಸೂಲಾದುದು 2015ರಲ್ಲಿ. ಕೆಲಸ ಇಂದಿಗೂ ಮುಗಿದಿಲ್ಲ.

ನಮ್ಮ ಕಬ್ಬಿಣದ ಅದಿರು ಯುರೇನಿಯಮ್ಮಿನಂತೆ ವಿಷವಲ್ಲ, ನಿಜ. ಆದರೆ ಗಣಿಯ ಅಳತೆಯ ವಿಷಯದಲ್ಲಿ ನಾವು ಅವರಷ್ಟು ತಡಮಾಡಲಿಲ್ಲವೆಂಬುದನ್ನು ಒಪ್ಪಬೇಕು. ಅದರ ಯಶಸ್ಸು ಬಹುಮಟ್ಟಿಗೆ ಧಾರವಾಡದ ಸಮಾಜ ಪರಿವರ್ತನ ಸಮುದಾಯಕ್ಕೂ ಎಸ್. ಆರ್. ಹಿರೇಮಠರಿಗೂ ಸಲ್ಲತಕ್ಕದ್ದು, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಅವರು. 2011ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಅರಣ್ಯ, ಗಣಿ, ಕಂದಾಯ ಇಲಾಖೆಗಳ ಅಧಿಕಾರಿಗಳ ಒಂದು ಜಂಟಿ ತಂಡವನ್ನು ಗುಡ್ಡ ಹತ್ತಿಸಿತು. ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಳು ನಿಂತುವು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರುಗಳವು. ಹಳೆಯ ನಕ್ಷೆ, ಎಲ್ಲೆಕಲ್ಲು, ಉಪಗ್ರಹದ ಚಿತ್ರ ಇವನ್ನೆಲ್ಲ ಒಂದರ ಮೇಲೊಂದಿಟ್ಟು ತಂಡದವರು 166 ಗುತ್ತಿಗೆಗಳನ್ನು ಅಳೆದರು. ಎಲ್ಲೆ ಮೀರದ, ಇಲ್ಲವೆ ಅತ್ಯಲ್ಪವಾಗಿ ಮೀರಿದ ಗಣಿಗಳು ‘ಎ’ ವರ್ಗ; ಗುತ್ತಿಗೆಯ ವಿಸ್ತಾರದ ನೂರಕ್ಕೆ 10ರವರೆಗೆ ಹೊರಗೆ ತೋಡಿದವು, ನೂರಕ್ಕೆ 15ರವರೆಗೆ ಹೊರಗೆ ಮಣ್ಣು ಸುರಿದವು ‘ಬಿ’ ವರ್ಗ; ಅದಕ್ಕೂ ಮೀರಿದವು ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಿಂದ ‘ಸಿ’ ವರ್ಗದ ಸುಮಾರು 50 ಗುತ್ತಿಗೆಗಳು ರದ್ದಾದುವು. ‘ಬಿ’ ವರ್ಗದವರು ಹೊರಗೆ ತೋಡಿದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದ ಹೆಕ್ಟೇರಿಗೆ 1 ಕೋಟಿ ತೆರಬೇಕಾಯಿತು.

ದಂಡ ತೆತ್ತ ಮಾತ್ರಕ್ಕೆ ಗುಡ್ಡ ಮತ್ತೆ ಹಸುರಾಗುವುದಿಲ್ಲವಷ್ಟೆ. ಆದುದರಿಂದ ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆ ಬೇಕೆಂದು ನ್ಯಾಯಾಲಯ ವಿಧಿಸಿತು. ಅದನ್ನು ಬರೆಯುವ ಹೊಣೆ ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಗೆ ಬಂದಿತು. ಆ ಚಿಕಿತ್ಸೆ ನಮ್ಮ ರೈತನ ಬದುವಿನ ವಿದ್ಯೆಗೆ ದೂರವಾದುದಲ್ಲ. ಅದಿರಿಗಾಗಿ ಅಗೆದು ಎಸೆದ ಮಣ್ಣಿನ ದಿಬ್ಬ ಕಡಿದಾಗಿದ್ದರೆ ಮೊದಲ ಮಳೆಗೇ ಜಾರುತ್ತದೆ. ಅದನ್ನು ಮೆಟ್ಟಲು ಮೆಟ್ಟಲಾಗಿ ಕತ್ತರಿಸಬೇಕು. ಬುಡದಲ್ಲಿ ತಂತಿಯ ಬಲೆಗೆ ಕಲ್ಲು ತುಂಬಿ ಗೋಡೆ ನಿಲ್ಲಿಸಬೇಕು. ಸುತ್ತಲೂ ಕಾಲುವೆ ತೋಡಿ ನೀರನ್ನು ಹೂಳು ನಿಲ್ಲುವ ಗುಂಡಿಗೆ ತಿರುಗಿಸಬೇಕು. ಇಳಿಜಾರಿನ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಮೊದಲು ಹುಲ್ಲು, ಆಮೇಲೆ ಗಿಡ ಬೆಳೆಸಬೇಕು. ಕೆಳಗಿನ ಕೊರಕಲುಗಳಲ್ಲಿ ಸಾಲಾಗಿ ಸಣ್ಣ ಒಡ್ಡುಗಳನ್ನು ಹಾಕಬೇಕು. ಇದೆಲ್ಲ ಹಣದಿಂದ ಆಗತಕ್ಕ ಕೆಲಸ. ಹಣದಿಂದ ಆಗದಿರುವುದು ಒಂದಿದೆ. ಕಾಡಿನ ನೆಲದ ಮೇಲಿನ ಒಂದು ಗೇಣು ಮಣ್ಣು ನೂರಾರು ವರ್ಷ ಎಲೆ ಬಿದ್ದು ಕೊಳೆತು ಆದದ್ದು. ಅದನ್ನು ಮೊದಲೇ ಬೇರೆಯಾಗಿ ಎತ್ತಿಟ್ಟುಕೊಂಡವರಿಗಷ್ಟೇ ಮರಳಿ ಹಾಸುವ ಭಾಗ್ಯ. ಅವಸರದಲ್ಲಿ ತೋಡಿದವರು ಅದನ್ನೇಕೆ ಎತ್ತಿಟ್ಟಾರು?

ಇನ್ನು ಹಣದ ಮಾತು. ಜಪ್ತಿಯಾದ ಅದಿರಿನ ಮಾರಾಟ, ದಂಡ, ಮರಳಿ ಮೊದಲಾದ ಗಣಿಗಳ ವಂತಿಗೆ ಎಲ್ಲ ಸೇರಿ ದೊಡ್ಡದೊಂದು ನಿಧಿಯಾಯಿತು. ಅದನ್ನು ವೆಚ್ಚಮಾಡಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ನಿಗಮವೇನೋ ಹುಟ್ಟಿತು, ಯೋಜನೆಗೆ ಒಪ್ಪಿಗೆ ಬರಲಿಲ್ಲ. ವರ್ಷದ ಮೇಲೆ ವರ್ಷ ಅಸಲು ಬಡ್ಡಿಯೊಡನೆ ಬೆಳೆಯುತ್ತಿದ್ದರೆ ಹಳ್ಳಗಳು ಹೂಳಿನೊಡನೆ ಬೆಳೆಯುತ್ತಿದ್ದುವು. 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ನೇಮಿಸಿದ ತರುವಾಯ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಚಲನೆ ಬಂದಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರುಗಳ ಗಣಿಬಾಧಿತ ಊರುಗಳಿಗೆ ಕುಡಿಯುವ ನೀರು, ಆಸ್ಪತ್ರೆ, ಶಾಲೆ, ಕಾಡು. ಜೊತೆಗೆ ರಸ್ತೆ, ರೈಲುಹಾದಿ. ರಸ್ತೆ ಬೇಡವೆನ್ನುವವನು ನಾನಲ್ಲ. ಆದರೂ ಗಾಯಕ್ಕೆಂದು ಕೂಡಿಟ್ಟ ಹಣದಲ್ಲಿ ಅದಿರು ಸಾಗಿಸುವ ದಾರಿಯ ಪಾಲೆಷ್ಟು, ಗುಡ್ಡದ ಪಾಲೆಷ್ಟು ಎಂದು ಸಂಡೂರಿನವರು ಕೇಳಿದರೆ ಅದು ಅಧಿಕಪ್ರಸಂಗವಾಗಲಾರದು.

ಏಕೆಂದರೆ ತೋಡುವುದು ನಿಂತಿಲ್ಲ. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನೆಂದು ಗೊತ್ತುಮಾಡಿದ್ದ ಮಿತಿ 2022ರಲ್ಲಿ 3.5 ಕೋಟಿಗೆ ಏರಿತು. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರು ಕಾಡನ್ನು ಹೊಸ ಗಣಿಗೆ ಕೊಡುವ ಮಾತು 2024ರಲ್ಲಿ ದೊಡ್ಡ ವಿವಾದವಾಯಿತು. ಉರುಳಬೇಕಾದ ಮರಗಳ ಲೆಕ್ಕ 99 ಸಾವಿರವನ್ನು ದಾಟಿತ್ತು. ಹಳೆಯ ಗಾಯಕ್ಕೆ ಗಿಡ ನೆಡುವವರೂ ಹೊಸ ಕಾಡಿಗೆ ಗುರುತು ಹಾಕುವವರೂ ಒಂದೇ ರಸ್ತೆಯಲ್ಲಿ ಎದುರಾಗುವುದನ್ನು ಕುಮಾರಸ್ವಾಮಿಯ ಗುಡಿಗೆ ಹೋಗುವ ಯಾತ್ರಿಕರು ಕಾಣಬಹುದು.

ಈಚೆಗೊಂದು ಮಳೆಗಾಲದಲ್ಲಿ ನಾರಿಹಳ್ಳದ ಕಡೆ ಹೋಗಿದ್ದೆ. ರಾತ್ರಿಯೆಲ್ಲ ಸುರಿದು ಬೆಳಗಿಗೆ ಬಿಟ್ಟಿತ್ತು. ಕಲ್ಲಿನ ಒಡ್ಡುಗಳಿದ್ದ ಒಂದು ಕೊರಕಲಿನಿಂದ ನೀರು ತಕ್ಕಮಟ್ಟಿಗೆ ತಿಳಿಯಾಗಿ ಇಳಿಯುತ್ತಿತ್ತು. ಒಡ್ಡಿನ ಹಿಂದೆ ಮೊಳಕಾಲುದ್ದ ಕೆಂಪು ಹೂಳು ತುಂಬಿ ಅದರ ಮೇಲೆ ಆಗಲೇ ಹುಲ್ಲು ಕಾಣಿಸಿಕೊಂಡಿತ್ತು. ಅಲ್ಲಿಂದ ಒಂದು ಫರ್ಲಾಂಗು ನಡೆದರೆ ಇನ್ನೊಂದು ಕೊರಕಲು. ಅದಕ್ಕೆ ಒಡ್ಡಿರಲಿಲ್ಲ. ಎರಡೂ ಕೂಡುವ ತಾವಿನಲ್ಲಿ ಕೆಂಪು ನೀರು ಒಂದು ದಡವನ್ನು, ತಿಳಿನೀರು ಇನ್ನೊಂದು ದಡವನ್ನು ಹಿಡಿದು ಸ್ವಲ್ಪ ದೂರ ಜೊತೆಯಾಗಿ ಹರಿದುವು. ಆಮೇಲೆ ಹಳ್ಳವೆಲ್ಲ ಕೆಂಪಾಯಿತು.