ಅಪರಾಹ್ನದ ಕಾಫಿಯೂ ಇರುಳಿನ ನಿದ್ರೆಯೂ

ಮನೆಗೆ ಬಂದವರನ್ನು ಕಾಫಿ ಕೊಡದೆ ಕಳುಹಿಸುವುದು ನಮ್ಮ ಕುಟುಂಬಗಳಲ್ಲಿ ಸೌಜನ್ಯವೆನಿಸದು. ಅಪರಾಹ್ನ ನಾಲ್ಕು ಗಂಟೆಯಾಯಿತೆಂದರೆ ಒಲೆಯ ಮೇಲೆ ಹಾಲು ಕಾಯುತ್ತದೆ. ಡಿಕಾಕ್ಷನ್ನಿನ ಪರಿಮಳ ಪಡಸಾಲೆಯನ್ನು ತುಂಬುತ್ತದೆ. ಅದೇ ಮನೆಯ ಹಿರಿಯರೊಬ್ಬರು ನಡುರಾತ್ರಿಯಲ್ಲಿ ಮಗ್ಗುಲು ಬದಲಿಸುತ್ತ, 'ವಯಸ್ಸಾಯಿತು, ಇನ್ನು ನಿದ್ದೆ ಎಲ್ಲಿಯದು?' ಎಂದು ನಿಟ್ಟುಸಿರಿಡುತ್ತಾರೆ. ಈ ಎರಡಕ್ಕೂ ಸಂಬಂಧವಿರಬಹುದೆಂದು ನಾವು ಆಲೋಚಿಸುವುದು ವಿರಳ.

ಕಾಫಿಯಲ್ಲಿರುವ ಉತ್ತೇಜಕ ವಸ್ತುವಿಗೆ ಕೆಫೀನ್ ಎಂದು ಹೆಸರು. ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ 1819ರಲ್ಲಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದನು. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೊಸಿನ್ ಎಂಬ ದ್ರವ್ಯ ಸಂಗ್ರಹವಾಗುತ್ತ, ಸಂಜೆಯ ವೇಳೆಗೆ ಆಯಾಸವನ್ನೂ ನಿದ್ರೆಯ ಬಯಕೆಯನ್ನೂ ತರುತ್ತದೆ. ಕೆಫೀನ್ ಈ ದ್ರವ್ಯ ಕುಳಿತುಕೊಳ್ಳಬೇಕಾದ ಸ್ಥಾನವನ್ನು ತಾನೇ ಆಕ್ರಮಿಸುತ್ತದೆ. ಆಯಾಸ ಕಳೆಯುವುದಿಲ್ಲ, ಅದರ ಸುದ್ದಿ ಮಾತ್ರ ನಮಗೆ ತಲುಪುವುದಿಲ್ಲ.

ಕುಡಿದ ಒಂದು ಗಂಟೆಯೊಳಗೆ ಕೆಫೀನ್ ರಕ್ತದಲ್ಲಿ ಗರಿಷ್ಠ ಪ್ರಮಾಣವನ್ನು ಮುಟ್ಟುತ್ತದೆ. ಆದರೆ ಅದು ಹೊರಟುಹೋಗುವುದು ನಿಧಾನವಾಗಿ. ಅದರ ಅರ್ಧಭಾಗ ಕರಗಲು ಆರೋಗ್ಯವಂತ ವಯಸ್ಕರಲ್ಲಿ ಸರಾಸರಿ 5 ಗಂಟೆ ಬೇಕು. ಸಂಜೆ 4 ಗಂಟೆಗೆ 100 ಮಿಲಿಗ್ರಾಂ ಕೆಫೀನ್ ದೇಹವನ್ನು ಸೇರಿತೆನ್ನೋಣ. ರಾತ್ರಿ 9ಕ್ಕೆ 50, ನಡುರಾತ್ರಿ ಕಳೆದು 2 ಗಂಟೆಗೆ 25 ಮಿಲಿಗ್ರಾಂ ಉಳಿದಿರುತ್ತದೆ. ಕೆಲವರಲ್ಲಿ ಈ ಅವಧಿ 9–10 ಗಂಟೆಯವರೆಗೂ ಹಿಗ್ಗುತ್ತದೆ. ಅಂಥವರಿಗೆ ಬೆಳಗಿನ ಜಾವವೂ ಅಪರಾಹ್ನದ ಕಾಫಿಯ ಮುಂದುವರಿಕೆಯೇ ಸರಿ.

'ರಾತ್ರಿ ಊಟವಾದ ಮೇಲೆ ಕಾಫಿ ಕುಡಿದರೂ ನನಗೆ ಗೊರಕೆ ತಪ್ಪದು' ಎನ್ನುವವರೂ ಇದ್ದಾರಲ್ಲವೇ? ಅವರ ಮಾತು ಸುಳ್ಳಲ್ಲ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವದ ವೇಗವೂ, ಮೆದುಳು ಅದಕ್ಕೆ ಸ್ಪಂದಿಸುವ ಬಗೆಯೂ ವಂಶವಾಹಿಗಳನ್ನು ಅವಲಂಬಿಸಿವೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಕೆಫೀನ್ ಬಹಳ ಹೊತ್ತು ಉಳಿಯುತ್ತದೆ. ಯಕೃತ್ತಿನ ಕಾಯಿಲೆಯುಳ್ಳವರಲ್ಲಿ, ಗರ್ಭನಿರೋಧಕ ಗುಳಿಗೆ ಅಥವಾ ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧ ಸೇವಿಸುವವರಲ್ಲಿಯೂ ಹಾಗೆಯೇ. ಆದ್ದರಿಂದ ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ಅಳತೆಗೋಲಾಗಿ ಹಿಡಿಯಲಾಗದು.

ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಸೇವಿಸಿದಾಗಲೂ ನಿದ್ರೆ ಒಂದು ಗಂಟೆಗಿಂತ ಹೆಚ್ಚು ಕುಗ್ಗಿತ್ತು. ಉಪಕರಣ ತೋರಿದ ಈ ನಷ್ಟ ಅವರು ತಾವೇ ಬರೆದಿಟ್ಟ ಲೆಕ್ಕದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಅದು ದೊಡ್ಡ ಪ್ರಮಾಣವೆಂಬುದು ನಿಜ. ಆದರೆ ಸೂಕ್ಷ್ಮ ಪ್ರಕೃತಿಯವರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಇಲ್ಲಿಯೇ ಒಂದು ವಿಷವರ್ತುಲ ಹುಟ್ಟುತ್ತದೆ. ನಿದ್ದೆಗೆಟ್ಟವರು ಮರುದಿನದ ಮಂಪರನ್ನು ಕಳೆಯಲು ಇನ್ನೊಂದು ಲೋಟ ಕುಡಿಯುತ್ತಾರೆ. ಅದು ಮರುರಾತ್ರಿಯನ್ನೂ ಕೆಡಿಸುತ್ತದೆ. ಕೊನೆಗೆ ನಿದ್ರೆಯ ಗುಳಿಗೆಯ ಮೊರೆಹೋಗುತ್ತಾರೆ. ಆ ಗುಳಿಗೆಯ ಅಮಲಿನಲ್ಲಿ ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ವೃದ್ಧರಿಗೆ ಇದ್ದೇ ಇದೆ. ಗುಳಿಗೆಯನ್ನು ಕೇಳುವ ಮುನ್ನ ಕಾಫಿಯ ವೇಳೆಯನ್ನು ಪರೀಕ್ಷಿಸುವುದು ವಿವೇಕವಲ್ಲವೇ? ಈಗಾಗಲೇ ಗುಳಿಗೆ ಸೇವಿಸುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಥಟ್ಟನೆ ನಿಲ್ಲಿಸಬಾರದು.

ಪರೀಕ್ಷೆ ಸುಲಭ. ಎರಡು ವಾರ ಮಧ್ಯಾಹ್ನದ ಊಟದ ನಂತರ ಕಾಫಿ, ಚಹಾ ಎರಡನ್ನೂ ಬಿಟ್ಟು ನೋಡುವುದು. ಚಹಾದಲ್ಲಿಯೂ ಕೆಫೀನ್ ಇದೆ. ಬೆಳಗಿನ ಕಾಫಿಯನ್ನು ತ್ಯಜಿಸಬೇಕಾಗಿಲ್ಲ. ಬಹಳ ಕುಡಿಯುವವರು ಕ್ರಮೇಣ ಕಡಿಮೆ ಮಾಡುವುದು ಲೇಸು. ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ತಲೆನೋವು ಕಾಡುತ್ತದೆ. ರೋಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಪುಡಿ ಕೊಳ್ಳುವಾಗ ಇದನ್ನು ನೆನಪಿಡಬಹುದು. ಕಾಫಿ ಬಿಟ್ಟರೂ ನಿದ್ರೆ ಸುಧಾರಿಸದಿದ್ದರೆ ಬೇರೆ ಕಾರಣವಿರಬೇಕು. ಆಗ ವೈದ್ಯರ ಸಲಹೆ ಅವಶ್ಯ.

ಇನ್ನು ಉಪಚಾರದ ಮಾತು. 'ಸಂಜೆ ಕಾಫಿ ಒಲ್ಲೆ' ಎಂದ ಅತಿಥಿಯನ್ನು 'ಅರ್ಧ ಲೋಟವಾದರೂ' ಎಂದು ಒತ್ತಾಯಿಸುವುದು ನಮ್ಮ ರೂಢಿ. ಆ ಅರ್ಧ ಲೋಟ ಅವರ ಅರ್ಧ ರಾತ್ರಿಯನ್ನು ಕಸಿಯಬಹುದು. ಜೀರಿಗೆ–ಕೊತ್ತಂಬರಿ ಬೀಜದ ಬಿಸಿ ಕಷಾಯ, ತಂಪು ಮಜ್ಜಿಗೆ, ಬೆಲ್ಲದ ಪಾನಕ ಇವು ನಮ್ಮ ಅಡುಗೆಮನೆಗೆ ಹೊಸವಲ್ಲ. ಬಂದವರ ಪ್ರಕೃತಿಯನ್ನರಿತು ಕೊಡುವುದೇ ನಿಜವಾದ ಆದರ. ಮನೆಯ ಹಿರಿಯರಿಗೂ ಬಸುರಿ ಸೊಸೆಗೂ ಆ ಆದರ ಮೊದಲು ಸಲ್ಲಲಿ.